ನಿಷ್ಪಿಷ್ಟ ಪಾಸ್ತಾ ಮೀಮಾಂಸೆ

ಈ ಸಂಪ್ರಬಂಧದ ವ್ಯಾಪ್ತಿಯನ್ನು ಮೊದಲೇ ಹೇಳಿಬಿಡುವುದು ಲೇಸು. ಒಂದು ತುದಿಗೆ ಥಾಣೆ, ಇನ್ನೊಂದು ತುದಿಗೆ ಕಲ್ಯಾಣ, ನಡುವೆ ಡೊಂಬಿವಲಿ, ಖಾಡಿಯ ಆಚೆಗೆ ನವಿಮುಂಬಯಿ. ಇಷ್ಟರೊಳಗೆ ಸಂಸಾರ ಹೂಡಿರುವ ಕನ್ನಡಿಗರು ಪಿಷ್ಟ ಕಡಿಮೆಯಿರುವ ಪಾಸ್ತಾ ಹುಡುಕಿಕೊಂಡು ಪಟ್ಟ ಪಾಡೇ ಇಲ್ಲಿನ ವಸ್ತು. ದಾದರಿನಿಂದ ದಕ್ಷಿಣಕ್ಕೆ ಇರುವವರು ಪಾಸ್ತಾವನ್ನು ಪಾಸ್ತಾ ಎಂದುಕೊಂಡೇ ತಿನ್ನುತ್ತಾರೆಂಬ ವದಂತಿಯಿದೆ. ಅಂಥವರು ನಮ್ಮ ಅಧ್ಯಯನಕ್ಕೆ ಅನರ್ಹರು. ನಮ್ಮವರ ಪಾಲಿಗೆ ಅದು ಇಟಲಿಯ ಶ್ಯಾವಿಗೆ. ಶ್ಯಾವಿಗೆ ಎಂದಮೇಲೆ ಒಂದೋ ಕಾಯಿಹಾಲು ಬೇಕು, ಇಲ್ಲವೇ ಗಸಿ ಬೇಕು. ಶೆಟ್ಟರ ಹೋಟೆಲುಗಳು ಇಡ್ಲಿ-ಸಾಂಬಾರ್, ಪಂಜಾಬಿ, ಚೈನೀಸ್ ಎಂಬ ಮೂರು ಸಾಲಿನ ಕೆಳಗೆ ‘ವೈಟ್ ಸಾಸ್ ಪಾಸ್ತಾ’ ಎಂಬ ನಾಲ್ಕನೇ ಸಾಲನ್ನು ಸೇರಿಸಿದ ಮೇಲೂ ಈ ನಂಬಿಕೆ ಸಡಿಲವಾಗಿಲ್ಲ.

ಆಕರ ಒಂದೇ. ಡೊಂಬಿವಲಿ ಪೂರ್ವದ ಗೃಹಸ್ಥರೊಬ್ಬರ ಫ್ರಿಜ್ಜಿನ ಬಾಗಿಲಲ್ಲಿ, ತಿರುಪತಿ ತಿಮ್ಮಪ್ಪನ ಮ್ಯಾಗ್ನೆಟ್ಟಿನಡಿ ಸಂರಕ್ಷಿತವಾಗಿರುವ ವೈದ್ಯರ ಚೀಟಿ. ಏಕಪತ್ರ ಹಸ್ತಪ್ರತಿ. ಬಲತುದಿಯಲ್ಲಿ ಸಾರಿನ ಕಲೆ ಬಿದ್ದು ಕೆಲವು ಅಕ್ಷರಗಳು ಲುಪ್ತ. ಲಿಪಿ ಯಾವುದೆಂಬುದರಲ್ಲಿ ಒಮ್ಮತವಿಲ್ಲ. ಕೆಳಗಿನ ಮೆಡಿಕಲ್ ಅಂಗಡಿಯ ಹುಡುಗನೊಬ್ಬನೇ ಅದನ್ನು ನಿರರ್ಗಳವಾಗಿ ಓದಬಲ್ಲ. ಅವನ ವಾಚನದಂತೆ ಮೊದಲ ಸಾಲು ‘ಎಚ್‌ಬಿಎ1ಸಿ 6.3’. ಎರಡನೆಯದು ‘ಚಾವಲ್ ಕಮ್, ಮೈದಾ ಬಂದ್’. 5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು, 6.5 ಮುಟ್ಟಿದರೆ ಒಳಮನೆ ಎಂಬುದು ವೈದ್ಯಶಾಸ್ತ್ರದ ಲೆಕ್ಕ. ಗೃಹಸ್ಥರು ಹೊಸ್ತಿಲ ಮೇಲೆ ನಿಂತು ವ್ಯಾಖ್ಯಾನ ಆರಂಭಿಸಿದರು.

ಅವರ ಪೂರ್ವಪಕ್ಷ ಹೀಗಿದೆ. ವೈದ್ಯರು ನಿಷೇಧಿಸಿದ್ದು ಅನ್ನವನ್ನು, ಮೈದಾವನ್ನು. ಪಾಸ್ತಾ ಆಗುವುದು ಡ್ಯೂರಮ್ ಗೋಧಿಯ ರವೆಯಿಂದ. ರವೆಯ ಪ್ರಸ್ತಾಪ ಮೂಲದಲ್ಲಿಲ್ಲ. ಆದ್ದರಿಂದ ಪಾಸ್ತಾ ವಿಹಿತ. ಇದನ್ನು ಮುಂದೆ ‘ರವಾವಾದ’ ಎಂದು ಕರೆಯಲಾಗಿದೆ. ಖಂಡನೆ ಅಡುಗೆಮನೆಯಿಂದ ಬಂತು: “ರೀ, ಪ್ಯಾಕೆಟ್ಟಿನ ಹಿಂದೆ ಬರೆದದ್ದನ್ನೂ ಸ್ವಲ್ಪ ಓದಿ.” ಓದಲಾಗಿ, 100 ಗ್ರಾಂ ಒಣ ಪಾಸ್ತಾದಲ್ಲಿ ಸುಮಾರು 75 ಗ್ರಾಂ ಕಾರ್ಬೋಹೈಡ್ರೇಟ್. ಅಕ್ಕಿಯಲ್ಲೂ ಹೆಚ್ಚುಕಡಿಮೆ ಅಷ್ಟೇ. ರವಾವಾದ ಅಲ್ಲಿಗೆ ಬಿತ್ತು.

ಇತಿಹಾಸವಿಲ್ಲದ ಸಂಪ್ರಬಂಧಕ್ಕೆ ಪದವಿ ಸಿಗುವುದಿಲ್ಲವಾದ್ದರಿಂದ ಅದನ್ನೂ ಮುಗಿಸಿಬಿಡೋಣ. ಚೀನಾದಿಂದ ಇಟಲಿಗೆ ಪಾಸ್ತಾ ಹೊತ್ತುಕೊಂಡು ಹೋದವನು ಮಾರ್ಕೊ ಪೋಲೊ ಎಂಬ ಕತೆಯನ್ನು ಊರೆಲ್ಲ ಹಬ್ಬಿಸಿದ್ದು 1929ರಲ್ಲಿ ಅಮೆರಿಕದ ಮ್ಯಾಕರೋನಿ ತಯಾರಕರು ಹೊರಡಿಸುತ್ತಿದ್ದ ‘ಮ್ಯಾಕರೋನಿ ಜರ್ನಲ್’. ಆತ ಊರಿಗೆ ಮರಳಿದ್ದು 1295ರಲ್ಲಿ; ಅದಕ್ಕೂ ಬಹಳ ಹಿಂದೆ, 1154ರಲ್ಲೇ, ಸಿಸಿಲಿಯ ಟ್ರಾಬಿಯಾದಲ್ಲಿ ಶ್ಯಾವಿಗೆಯಂಥ ತಿನಿಸು ತಯಾರಾಗಿ ಹಡಗು ಹತ್ತುತ್ತಿತ್ತೆಂದು ಭೂಗೋಳಜ್ಞ ಅಲ್ ಇದ್ರಿಸಿ ಬರೆದಿದ್ದಾನೆ. ಆದರೂ ಮಾರ್ಕೊ ಪೋಲೊನನ್ನು ಥಾಣೆಯವರು ಬಿಟ್ಟುಕೊಡುವುದಿಲ್ಲ. ಅವನ ಪ್ರವಾಸಕಥನದಲ್ಲಿ ‘ತಾನಾ’ ಎಂಬ ರಾಜ್ಯದ ವರ್ಣನೆಯಿದ್ದು, ಅದು ಥಾಣೆಯೇ. ಅಲ್ಲಿನ ಕಡಲ್ಗಳ್ಳರ ಬಗ್ಗೆ ಅವನು ಹೇಳುತ್ತಾನೆ, ಊಟದ ಬಗ್ಗೆ ಚಕಾರವಿಲ್ಲ. ಘೋಡ್‌ಬಂದರ್ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದು ಊಟದ ಹೊತ್ತು ಮೀರಿರಬೇಕೆಂಬುದು ಸ್ಥಳೀಯರ ಊಹೆ.

ಕಲ್ಯಾಣದವರು ಇನ್ನೂ ಹಿಂದಕ್ಕೆ ಹೋಗುತ್ತಾರೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಹೊತ್ತಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೆಂಬ ಭಾಗವೇ ಇದೆ, ಇಡ್ಲಿ, ದೋಸೆ, ವಡೆಗಳ ಪೂರ್ವಜರು ಅಲ್ಲಿ ಸಾಲಾಗಿ ಕೂತಿದ್ದಾರೆ. ಹೊಲದ ಇಲಿಯನ್ನು ಸುಡುವ ಕ್ರಮವೂ ಇದೆ. ಇಲಿ, ನೋಡಿ, ಅಪ್ಪಟ ಲೋ-ಕಾರ್ಬ್. ಆ ಕಲ್ಯಾಣ ಬೀದರ್ ಜಿಲ್ಲೆಯ ಬಸವಕಲ್ಯಾಣ, ನೀವು ಇಳಿಯುವ ಜಂಕ್ಷನ್ ಅಲ್ಲ ಎಂದು ಎಷ್ಟು ಹೇಳಿದರೂ ಕಲ್ಯಾಣ ಪಂಥದವರು ಕೇಳುವುದಿಲ್ಲ. ಈ ಹಟದಿಂದ ಮುಂದೆ ಒಂದು ದರ್ಶನವೇ ಹುಟ್ಟಿತು. ಅದಕ್ಕೆ ಬರುತ್ತೇವೆ.

ಥಾಣೆ ಪಂಥವನ್ನು ಜುಕಿನಿ ಪಂಥ ಎನ್ನಬಹುದು. ಅಲ್ಲಿನ ಮಾಲ್‌ಗಳಲ್ಲಿ ಜುಕಿನಿ ಪ್ಲಾಸ್ಟಿಕ್ ಹೊದ್ದು ಮಲಗಿರುತ್ತದೆ. ಪೆನ್ಸಿಲ್ ಚೂಪು ಮಾಡುವ ಶಾರ್ಪ್‌ನರಿಗೆ ದೊಡ್ಡಣ್ಣನಂತಿರುವ ಒಂದು ಯಂತ್ರದಲ್ಲಿ ಅದನ್ನು ತಿರುವಿದರೆ ಉದ್ದುದ್ದ ಹಸಿರು ಎಳೆ ಬರುತ್ತದೆ. 100 ಗ್ರಾಂಗೆ ಕಾರ್ಬ್ ಕೇವಲ 3 ಗ್ರಾಂ ಆಸುಪಾಸು. ಉಳಿದದ್ದರಲ್ಲಿ ಹೆಚ್ಚುಕಡಿಮೆ ಪೂರ್ತಿ ನೀರು. ತೊಡಕಿರುವುದೇ ಅಲ್ಲಿ. ಉಪ್ಪು ತಾಗಿದೊಡನೆ ಜುಕಿನಿ ಒಳಗಿನ ನೀರನ್ನೆಲ್ಲ ಬಿಟ್ಟುಕೊಡುತ್ತದೆ. ಬೆಳಿಗ್ಗೆ ಡಬ್ಬಿಗೆ ತುಂಬಿದ ‘ಪಾಸ್ತಾ’ ಮುಲುಂಡ್ ದಾಟುವಷ್ಟರಲ್ಲಿ ಬೆವರುತ್ತದೆ, ಘಾಟ್ಕೋಪರಿನಲ್ಲಿ ಸಾರಾಗುತ್ತದೆ. ಕುರ್ಲಾದಲ್ಲಿ ಕೆಳಗೆ ಕೂತವರು ತಲೆ ಮುಟ್ಟಿ ನೋಡಿಕೊಂಡು ಮೇಲಿನ ರ‍್ಯಾಕನ್ನು ದಿಟ್ಟಿಸುತ್ತಾರೆ. ಎಳೆಗಳಿಗೆ ಮೊದಲೇ ಉಪ್ಪು ಸವರಿ ಅರ್ಧ ತಾಸು ಬಿಟ್ಟು, ಬಟ್ಟೆಯಲ್ಲಿ ಹಿಂಡಿ, ಬಿಸಿ ಬಾಣಲೆಯಲ್ಲಿ ಎರಡೇ ನಿಮಿಷ ಹೊರಳಿಸಿದರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ. ಆದರೆ 8ರ ಫಾಸ್ಟ್ ಲೋಕಲ್ ಹಿಡಿಯಬೇಕಾದವರಿಗೆ ಅರ್ಧ ತಾಸು ಎಲ್ಲಿಂದ ಬರಬೇಕು? ಲೇಡೀಸ್ ಡಬ್ಬಿಯಲ್ಲಿ ಮೆಂತ್ಯ ಸೋಸುವ, ಗೋರಿಕಾಯಿ ಮುರಿಯುವ ಪರಂಪರೆ ಹಳೆಯದು. ಅದೇ ತತ್ತ್ವದಂತೆ ಸಂಜೆ ಗಾಡಿಯಲ್ಲೇ ಜುಕಿನಿ ತಿರುವಿಕೊಂಡು ಬರಬಹುದೆಂದು ಒಬ್ಬರು ಸೂಚಿಸಿದ್ದಾರೆ. ನಾಲ್ಕನೇ ಸೀಟಿನಲ್ಲಿ ಅರ್ಧ ಕೂತು ಯಂತ್ರದ ಹಿಡಿ ತಿರುವಿದರೆ ಮೂರನೇ ಸೀಟಿನವರ ಪಕ್ಕೆಲುಬಿಗೆ ಏನಾದೀತೆಂದು ಅವರು ವಿವೇಚಿಸಿಲ್ಲ.

ಇನ್ನು ಗಸಿಯ ಪರೀಕ್ಷೆ. ಒತ್ತು ಶ್ಯಾವಿಗೆಯ ಗುಣ ನೋಡಿ: ನೆನೆಸಿದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ಕಾಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಬಿಸಿಯಿರುವಾಗಲೇ ಮಣೆಗೆ ಹಾಕಿ ಒಬ್ಬರು ಒತ್ತುತ್ತಾರೆ, ಇನ್ನೊಬ್ಬರು ಕೆಳಗೆ ತಟ್ಟೆ ತಿರುಗಿಸುತ್ತಾರೆ. ಎಳೆಯ ಮೇಲೆ ಎಳೆ ಬಿದ್ದು ಬಲೆಯಾಗುತ್ತದೆ. ಬ್ಯಾಡಗಿ ಮೆಣಸು, ಕೊತ್ತಂಬರಿ ಹುರಿದು ತೆಂಗಿನಕಾಯಿ ಜೊತೆ ಅರೆದ ಕೋಳಿ ಗಸಿಯನ್ನು ಅದರ ಮೇಲೆ ಹೊಯ್ದರೆ ಮೊದಲು ಮೇಲೆ ನಿಲ್ಲುತ್ತದೆ, ಆಮೇಲೆ ಮೆಲ್ಲಗೆ ಇಳಿಯುತ್ತದೆ, ಇಳಿದದ್ದು ಹೊರಗೆ ಬರುವುದಿಲ್ಲ. ಜುಕಿನಿಯ ಮೇಲೆ ಹೊಯ್ದ ಗಸಿ ಜಾರಿ ತಟ್ಟೆಯ ಅಂಚಿಗೆ ಹೋಗಿ ಕೂರುತ್ತದೆ. ನಡುವೆ ಹಸಿರು ಎಳೆಗಳು ತೊಳೆದಿಟ್ಟ ಹಾಗೆ ಹೊಳೆಯುತ್ತವೆ. ಥಾಣೆಯ ಒಬ್ಬ ಅಜ್ಜಿ ಇದನ್ನು ಕಂಡು ಕೇಳಿದ್ದು ಇಷ್ಟೇ: “ಮಗಾ, ಪಲ್ಯ ಆಯ್ತು, ಸೇಮಿಗೆ ಎಲ್ಲಿ?”

ನವಿಮುಂಬಯಿಯವರು ಜಪಾನಿನ ಕಡೆ ತಿರುಗಿದರು. ಕೊಂಜಾಕ್ ಎಂಬ ಗಡ್ಡೆಯ ನಾರಿನಿಂದ ಮಾಡುವ ಶಿರಾಟಾಕಿಯಲ್ಲಿ ಶೇ. 97ರಷ್ಟು ನೀರು, ಮಿಕ್ಕದ್ದು ಬಹುಪಾಲು ಜೀರ್ಣವಾಗದ ನಾರು. ಲೆಕ್ಕದಲ್ಲಿ ಇದನ್ನು ಮೀರಿಸುವಂಥದ್ದಿಲ್ಲ. ಆದರೆ ಪ್ಯಾಕೆಟ್ ಕತ್ತರಿಸಿದೊಡನೆ ಮೀನಿನ ವಾಸನೆ! ಗಟ್ಟಿಯಾಗಲೆಂದು ಹಾಕುವ ಸುಣ್ಣದ ನೀರಿನಿಂದ ಬರುವ ವಾಸನೆ ಅದು, ಮೀನಿಗೂ ಅದಕ್ಕೂ ನಂಟಿಲ್ಲ; ನಾಲ್ಕಾರು ಸಲ ತೊಳೆದು ಎಣ್ಣೆಯಿಲ್ಲದೆ ಹುರಿದರೆ ಹೋಗುತ್ತದೆ. ಕರಾವಳಿಯ ಮೀನು ತಿನ್ನುವವರು ವಾಸನೆಗೆ ಹಿಗ್ಗಿ, ತುಂಡು ಸಿಗದೆ ಕುಗ್ಗಿದರು. ನೆರೂಳಿನ ಮಡಿವಂತರೊಬ್ಬರ ಮನೆಯಲ್ಲಂತೂ ಕತ್ತರಿಯನ್ನೂ ಸೇರಿಸಿ ಇಡೀ ಕಟ್ಟೆಯನ್ನು ತೊಳೆದರು.

ಕೊಂಜಾಕ್ ನಮ್ಮ ಸುವರ್ಣಗಡ್ಡೆಯ ಕುಲಬಾಂಧವ, ಎರಡೂ ಅಮಾರ್ಫೊಫ್ಯಾಲಸ್ ಎಂಬ ಒಂದೇ ಜಾತಿಗೆ ಸೇರಿದವು ಎಂಬ ಸಂಗತಿ ಈ ಪಂಥದಲ್ಲಿ ಭಾರೀ ಸಂಚಲನ ಉಂಟುಮಾಡಿತು. ದಾಯಾದಿಗೆ ಅಷ್ಟು ದುಡ್ಡು ಯಾಕೆ, ವಾಶಿಯ ಎಪಿಎಂಸಿಯಲ್ಲಿ ಸುವರ್ಣಗಡ್ಡೆ ರಾಶಿ ಬಿದ್ದಿದೆಯಲ್ಲ ಎಂದು ತಂದು, ಬೇಯಿಸಿ, ಊರಿಂದ ತಂದ ಶ್ಯಾವಿಗೆ ಮಣೆಯಲ್ಲಿ ಒತ್ತಿದರು. ಎಳೆ ಬಂತು. ರುಚಿಯೂ ಇತ್ತು. ಆದರೆ ಸುವರ್ಣಗಡ್ಡೆ ನಾರಿನ ಗಡ್ಡೆಯಲ್ಲ, ಪಿಷ್ಟದ ಗಡ್ಡೆ. ಕುಲ ಒಂದಾದರೂ ಗುಣ ಬೇರೆ. ಮೇಲಾಗಿ ಹುಣಸೆಹುಳಿ ಹಾಕಿ ಬೇಯಿಸಲು ಮರೆತದ್ದರಿಂದ ವಿಚಾರಗೋಷ್ಠಿ ಗಂಟಲ ತುರಿಕೆಯಲ್ಲಿ ಮುಕ್ತಾಯವಾಯಿತು.

ರಾಗಿ ಶ್ಯಾವಿಗೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಬಣ್ಣ ಕಪ್ಪಾದರೆ ಕಾರ್ಬ್ ಕಡಿಮೆಯಾಗುತ್ತದೆಂದು ಭಾವಿಸುವ ದೊಡ್ಡ ಸಮುದಾಯವೊಂದು ಇದೆ. ರಾಗಿಯಲ್ಲಿ ನಾರು ಹೆಚ್ಚು, ಸುಣ್ಣದಂಶ ಹೇರಳ, ನಿಜ. ಆದರೆ ಕಾರ್ಬ್ 100 ಗ್ರಾಂಗೆ 70ರ ಆಸುಪಾಸು. ಗೋಧಿಗೂ ಅದಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ.

ಈಗ ಕಲ್ಯಾಣ ದರ್ಶನ. ಶೂನ್ಯಸಿಂಹಾಸನ ಇದ್ದದ್ದು ಕಲ್ಯಾಣದಲ್ಲಿ, ಅದರ ಮೇಲೆ ಕೂತವನು ಅಲ್ಲಮಪ್ರಭು, ಆದಕಾರಣ ಶ್ಯಾವಿಗೆಯ ಪರಮಸ್ಥಿತಿ ಶ್ಯಾವಿಗೆಯಿಲ್ಲದಿರುವುದು — ಇದು ಅವರ ಸಿದ್ಧಾಂತ. ತಟ್ಟೆಯಲ್ಲಿ ಗಸಿ ಮಾತ್ರ, ಕೈಯಲ್ಲಿ ಚಮಚ ಮಾತ್ರ. ತೆಂಗಿನಕಾಯಿಯಲ್ಲಿ ಕೊಬ್ಬು ಬೇಕಾದಷ್ಟು, ಕಾರ್ಬ್ ಅಲ್ಪ. ಕೋಳಿಯಲ್ಲಿ ಕಾರ್ಬೇ ಇಲ್ಲ. ಶಾಸ್ತ್ರದೃಷ್ಟಿಯಿಂದ ಇದಕ್ಕೆ ಎದುರಿಲ್ಲ ಎಂಬುದನ್ನು ನಾವು ಒಪ್ಪಲೇಬೇಕು. ಆದರೆ ಶೂನ್ಯವಾದಿಗಳು ಊಟ ಮುಗಿಸಿ ತಾಸಿನೊಳಗೆ ಸ್ಟೇಷನ್ನಿನ ಹೊರಗೆ ವಡಾಪಾವ್ ಗಾಡಿಯ ಮುಂದೆ ಕಾಣಿಸಿಕೊಂಡದ್ದಕ್ಕೆ ಸಾಕ್ಷಿಗಳಿದ್ದಾರೆ. ಬಟಾಟೆಯ ಸುತ್ತ ಕಡ್ಲೆಹಿಟ್ಟು, ಅದರ ಸುತ್ತ ಮೈದಾದ ಪಾವ್. ಶೂನ್ಯವನ್ನು ತುಂಬುವುದಕ್ಕೆ ಇದಕ್ಕಿಂತ ಗಟ್ಟಿಯಾದ ವಸ್ತು ಮುಂಬಯಿಯಲ್ಲಿ ಇಲ್ಲ.

ಡೊಂಬಿವಲಿ ಗೃಹಸ್ಥರ ಮನೆಯಲ್ಲಿ ಈ ಎಲ್ಲ ಪಂಥಗಳೂ ಸರದಿಯಂತೆ ನಡೆದವು. ಮನೆಯಾಕೆ ಕೊನೆಗೆ ಎಲೆಕೋಸನ್ನು ಸಪೂರವಾಗಿ, ಉದ್ದುದ್ದ ಹೆಚ್ಚಿ, ಹಬೆಗಿಟ್ಟು, ಅದರೊಳಗೆ ಒಂದು ಹಿಡಿ ನಿಜವಾದ ಶ್ಯಾವಿಗೆಯನ್ನು ಬಚ್ಚಿಟ್ಟರು. ಆ ಹಿಡಿಯೂ ಹಿಂದಿನ ದಿನದ್ದು, ಒಗ್ಗರಣೆ ಹಾಕಿದ್ದು. ಬೆಂದ ಪಿಷ್ಟ ತಣಿದಾಗ ಅದರ ಒಂದು ಪಾಲು ಸುಲಭಕ್ಕೆ ಜೀರ್ಣವಾಗದ ರೂಪಕ್ಕೆ ತಿರುಗುತ್ತದೆ, ಮತ್ತೆ ಬಿಸಿ ಮಾಡಿದರೂ ಅಷ್ಟಿಷ್ಟು ಹಾಗೇ ಉಳಿಯುತ್ತದೆ ಎಂದು ಆಹಾರವಿಜ್ಞಾನ ಹೇಳುತ್ತದೆ. ಆಕೆ ಹೇಳಿದ್ದು ಬೇರೆ: “ಉಳಿದಿತ್ತು, ಚೆಲ್ಲೋದು ಯಾಕೆ?” ಗಸಿ ಈ ಮಿಶ್ರಣದಲ್ಲಿ ಸಾಕಷ್ಟು ಹೊತ್ತು ನಿಂತಿತು. ನಾವು ಕಂಡಂತೆ ಗಸಿ ನಿಲ್ಲಿಸಿಕೊಂಡ ಪರ್ಯಾಯ ಇದೊಂದೇ.

ಕೆಂಪು ರಕ್ತಕಣದ ಆಯುಸ್ಸು ಸುಮಾರು 120 ದಿನ. ಎಚ್‌ಬಿಎ1ಸಿ ಹೇಳುವುದು ಹೆಚ್ಚುಕಡಿಮೆ ಮೂರು ತಿಂಗಳ ಚರಿತ್ರೆ. ಅಷ್ಟು ಕಾಲದ ನಂತರ ಹೊಸ ಹಸ್ತಪ್ರತಿ ಬಂತು: 6.1. ಥಾಣೆಯವರು ಜುಕಿನಿಗೆ ಜಯಕಾರ ಹಾಕಿದರು, ನವಿಮುಂಬಯಿಯವರು ಕೊಂಜಾಕಿಗೆ, ಕಲ್ಯಾಣದವರು ಶೂನ್ಯಕ್ಕೆ. ಮನೆಯಾಕೆ ಮಾತ್ರ ಆ ಮೂರು ತಿಂಗಳು ಕಟ್ಟಡದ ಲಿಫ್ಟ್ ಕೆಟ್ಟಿತ್ತು, ಇವರು ದಿನವೂ ಐದು ಮಹಡಿ ಹತ್ತಿ ಇಳಿದಿದ್ದರು ಎಂದು ನೆನಪಿಸಿದರು. ರಿಪೇರಿಯನ್ನು ಇನ್ನೊಂದು ಮೂರು ತಿಂಗಳು ಮುಂದೂಡಬೇಕೆಂದು ಸೊಸೈಟಿಯ ಸೆಕ್ರೆಟರಿಗೆ ಅವರು ಬರೆದ ಅರ್ಜಿಗೆ ನೆಲಮಹಡಿಯವರೆಲ್ಲ ಸಂತೋಷದಿಂದ ಸಹಿ ಹಾಕಿದ್ದಾರೆ. ಗಂಡನ ಸಹಿ ಇನ್ನೂ ಬಿದ್ದಿಲ್ಲ.