ಬರೇ ಒಂದು ಗಂಟೆ

ವಿಮಾನ ಹತ್ತಿ ಅಭ್ಯಾಸವಾದ ನಮ್ಮ ಮಂಗಳೂರಿನವರನ್ನು ಬೆಂಗಳೂರು ಎಷ್ಟು ದೂರ ಅಂತ ಕೇಳಿ ನೋಡಿ. "ಬರೇ ಒಂದು ಗಂಟೆ!" ಸುಳ್ಳಲ್ಲ ಮಾರಾಯ್ರೆ. ಆಕಾಶದಲ್ಲಿ ಸುಮಾರು 300 ಕಿ.ಮೀ.; ಕಾಫಿ ತಣಿಯುವುದರೊಳಗೆ ದೇವನಹಳ್ಳಿ. ಆದರೆ ದೇವನಹಳ್ಳಿಯಲ್ಲಿ ನಿಮಗೆ ಯಾರಿದ್ದಾರೆ? ಚಿಕ್ಕಮ್ಮ ಇರುವುದು ಬನಶಂಕರಿಯಲ್ಲಿ.

ಲೆಕ್ಕ ಹಾಕುವ. ಹಂಪನಕಟ್ಟೆಯಿಂದ ಬಜ್ಪೆ ಗುಡ್ಡ ಹತ್ತಲಿಕ್ಕೆ ಮುಕ್ಕಾಲು ಗಂಟೆ. ಕೌಂಟರ್ ಒಂದು ಗಂಟೆ ಮೊದಲೇ ಮುಚ್ಚುತ್ತದೆಂಬ ಹೆದರಿಕೆಗೆ ಎರಡು ಗಂಟೆ ಮೊದಲು ಹೋಗಿ ಕೂರುವುದು. ಆಮೇಲೆ ಆ ಪ್ರಸಿದ್ಧ ಒಂದು ಗಂಟೆ. ಇಳಿದು, ಪೆಟ್ಟಿಗೆಗೆ ಕಾದು, ಹೆಬ್ಬಾಳದಲ್ಲಿ ನಿಂತು, ಮೇಖ್ರಿ ವೃತ್ತದಲ್ಲಿ ಮತ್ತೂ ನಿಂತು, ಚಿಕ್ಕಮ್ಮನ ಬಾಗಿಲು ಬಡಿಯುವಾಗ ಆರು ಗಂಟೆ ದಾಟಿರುತ್ತದೆ. ಶಿರಾಡಿ ಘಾಟಿ ಹತ್ತುವ ರಾತ್ರಿ ಬಸ್ಸಿಗೆ ಬೇಕಾದದ್ದು ಏಳೆಂಟು. ಅದೂ ಗೊರಕೆ ಹೊಡೆದುಕೊಂಡು.

2008ರ ಮೇ ತಿಂಗಳವರೆಗೆ ವಿಮಾನ ಎಚ್‌ಎಎಲ್‌ನಲ್ಲಿ, ಊರೊಳಗೇ ಇಳಿಯುತ್ತಿತ್ತು. ಆಮೇಲೆ ಹಾರುವ ಹೊತ್ತು ಇದ್ದ ಹಾಗೇ ಉಳಿಯಿತು, ಬೆಂಗಳೂರು ಮಾತ್ರ ದೂರ ಹೋಯಿತು. ರೈಲಿನ ಸುದ್ದಿ ಬೇಡ. ಸಕಲೇಶಪುರ–ಸುಬ್ರಹ್ಮಣ್ಯದ ನಡುವೆ 57 ಸುರಂಗ, ಐವತ್ತು ಅಡಿಗೆ ಒಂದಡಿ ಏರು. ಎಂಜಿನ್ನಿಗೇ ಏದುಸಿರು.

ದುಬೈ ಇದಕ್ಕಿಂತ ಹತ್ತಿರ ಅನ್ನುವವರು ನಮ್ಮಲ್ಲಿ ಮನೆಗೊಬ್ಬರುಂಟು. ಹಾರಾಟ ಮೂರೂವರೆ ಗಂಟೆಯದ್ದು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಬೆಳಿಗ್ಗೆ ಎಂಟಕ್ಕೆ ಬಜ್ಪೆ ಬಿಟ್ಟವ ಹತ್ತಕ್ಕೆ ದುಬೈಯಲ್ಲಿ. ಅದೇ ಎಂಟಕ್ಕೆ ಬಸ್ಸು ಹತ್ತಿದವ ಹತ್ತಕ್ಕೆ ನೆಲ್ಯಾಡಿಯಲ್ಲಿ ಚಾ ಕುಡಿಯುತ್ತಿರುತ್ತಾನೆ! ವಾಪಸು ಬರುವಾಗ ಆ ಒಂದೂವರೆ ಗಂಟೆಯ ಸಾಲ ತೀರಿಸಬೇಕಲ್ಲ, ಆ ಸಂಗತಿಯನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಇನ್ನು ಗಂಟುಮೂಟೆ. ಕುಚ್ಚಲಕ್ಕಿ, ಬಸಳೆ ಕಟ್ಟು, ಉಪ್ಪುಸೊಳೆ ಭರಣಿ, ತೆಂಗಿನಕಾಯಿ ಇಲ್ಲದೆ ಚಿಕ್ಕಮ್ಮನ ಮನೆಗೆ ಹೋಗಲಿಕ್ಕುಂಟೆ? ಬಸ್ಸಾದರೆ ಡಿಕ್ಕಿಗೆ ತುರುಕಿ ಕ್ಲೀನರಿಗೊಂದು ನಗು ಬಿಸಾಡಿದರೆ ಮುಗಿಯಿತು. ವಿಮಾನದಲ್ಲಿ 15 ಕೆ.ಜಿ. ಅಂದರೆ 15. ಕೈಚೀಲದಲ್ಲಿ ಇಡೋಣವೆಂದರೆ ತೆಂಗಿನಕಾಯಿ ನಿಷಿದ್ಧ. 2022ರಲ್ಲಿ ಶಬರಿಮಲೆಗೆ ಹೋಗುವವರ ಇರುಮುಡಿಯ ಕಾಯಿಗೆ ವಿನಾಯಿತಿ ಸಿಕ್ಕಿತು. ಚಿಕ್ಕಮ್ಮನ ಗಸಿಗೆ ಬೇಕಾದ ಕಾಯಿಗೆ ಸಿಗಲಿಲ್ಲ. ಸ್ವಾಮಿಗೆ ಇರುವ ವಶೀಲಿ ಚಿಕ್ಕಮ್ಮನಿಗೆ ಎಲ್ಲಿಂದ?

ಇಷ್ಟೆಲ್ಲ ಹೇಳಿದರೂ "ಬರೇ ಒಂದು ಗಂಟೆ"ಯವರು ಸೋಲುವುದಿಲ್ಲ. ಅವರ ಬಾಯಿ ಮುಚ್ಚಿಸಲಿಕ್ಕೆ ಆಟಿಯ ಮಳೆಯೇ ಬರಬೇಕು. ಗುಡ್ಡದ ತಲೆ ಸವರಿ ಮಾಡಿದ ನಮ್ಮ ರನ್‌ವೇಗೆ ಮೋಡ ಕವಿಯಿತೋ, ಬೆಂಗಳೂರಿನಿಂದ ಬಂದ ವಿಮಾನ ಮೇಲೆಯೇ ನಾಲ್ಕು ಸುತ್ತು ಹಾಕಿ, ಕೆಳಗೇನೂ ಕಾಣದೆ, ಬಂದ ದಾರಿ ಹಿಡಿಯುತ್ತದೆ. ಅವತ್ತು ಬೆಂಗಳೂರಿನಿಂದ ಬೆಂಗಳೂರಿಗೆ ಎರಡೂವರೆ ಗಂಟೆ.