ಜುಟ್ಟಿಗೆ ಉಪಚಾರ

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಕಟ್ಟಿದವರು ಮನೆಯಲ್ಲಿ ಅನಾನಸ್ ಬೆಳೆದಿರಬೇಕು. ಹಣ್ಣಿನ ಜುಟ್ಟನ್ನು ತಿರುಚಿ ಕಿತ್ತು, ಬುಡದ ಎಲೆಗಳನ್ನು ಸುಲಿದು, ಎರಡು ದಿನ ನೆರಳಲ್ಲಿಟ್ಟು ಗಾಯ ಒಣಗಿಸಿ, ಮರಳು ಬೆರೆಸಿದ ಮಣ್ಣಿಗೆ ಊರಿದರೆ ಬೇರು ಬಂದುಬಿಡುತ್ತದೆ. ಅಲ್ಲಿಗೆ ಸುಲಭದ ಭಾಗ ಮುಗಿಯಿತು. ಆಮೇಲೆ ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು, ಉಪಚಾರವೆಲ್ಲ ಜುಟ್ಟಿಗೆ. ಹೊಟ್ಟೆಗೆ ಏನೂ ಇಲ್ಲ.

ನಮ್ಮ ಬೆಂಗಳೂರಿನ ತಾರಸಿಯಲ್ಲಿ ಅದು ಬಟ್ಟೆ ಒಣಗಿಸುವ ತಂತಿಯ ಪಕ್ಕ ಕೂತಿತು. ಕ್ಯೂ ತಳಿಯ ಎಲೆಯಂಚು ಹೆಚ್ಚುಕಡಿಮೆ ನಯ, ಕ್ವೀನ್ ತಳಿಯದು ಉದ್ದಕ್ಕೂ ಗರಗಸ. ನಮ್ಮದು ಯಾವ ತಳಿಯೆಂದು ಮೊದಲು ಗೊತ್ತಾದದ್ದು ನನ್ನ ಪಂಚೆಗೆ. ಈ ಗಿಡ ಹಗಲೆಲ್ಲ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸುತ್ತದೆ, ರಾತ್ರಿ ತೆರೆದು ಗಾಳಿ ಎಳೆದುಕೊಳ್ಳುತ್ತದೆ ಎಂದು ಊಟದ ಹೊತ್ತಿನಲ್ಲಿ ವಿವರಿಸಿದೆ. ಹೆಂಡತಿ ಮಗನ ಕೋಣೆಯ ಕಡೆ ನೋಡಿ, "ಹಾಗಾದ್ರೆ ನಮ್ಮನೇಲಿ ಎರಡಾಯ್ತು" ಅಂದಳು.

ರೋಗ ಬಂದಾಗ ವೈದ್ಯರಿಗೆ ಬರವಿರಲಿಲ್ಲ. ಎಲೆ ಬಾಡಿ ಕೆಂಪಗಾಗತೊಡಗಿದಾಗ ಪಕ್ಕದ ಮನೆಯವರು ದೃಷ್ಟಿಯಾಗಿದೆ ಎಂದರು, ಎದುರು ಮನೆಯವರು ಕಾಫಿ ಚರಟ ಹಾಕಿ ಎಂದರು. ಕಾರಣ ಮಾತ್ರ ಎಲೆಗಳ ಬುಡದಲ್ಲಿ ಬೆಳ್ಳಗೆ ಕೂತಿತ್ತು: ಹಿಟ್ಟು ತಿಗಣೆ. ಅದು ಸುರಿಸುವ ಸಿಹಿಯ ಆಸೆಗೆ ಇರುವೆಗಳೇ ಅದನ್ನು ಸಾಕುತ್ತವೆ, ಶತ್ರುಗಳಿಂದ ಕಾಯುತ್ತವೆ. ಇರುವೆಯ ಸಾಲು ತಪ್ಪಿಸದೆ ಎಷ್ಟು ಬೇವಿನೆಣ್ಣೆ ಸಿಂಪಡಿಸಿದರೂ ದಂಡ. ಇನ್ನೊಂದು ಕಾಯಿಲೆ ಪ್ರೀತಿಯಿಂದ ಬರುವಂಥದ್ದು. ದಿನಾ ನೀರು ಸುರಿದು ಬುಡದಲ್ಲಿ ನಿಲ್ಲಿಸಿದರೆ ಸುಳಿ ಕೊಳೆಯುತ್ತದೆ; ನಡುವಿನ ಎಲೆ ಹಿಡಿದೆಳೆದರೆ ನಾರುತ್ತ ಕೈಗೇ ಬರುತ್ತದೆ. ಅದಕ್ಕೆ ಮದ್ದು ಹುಡುಕುವುದಕ್ಕಿಂತ ಕುಂಡದ ತೂತು ಬಿಡಿಸುವುದು ವಾಸಿ.

ಜಹಾಂಗೀರ್ ಬಾದಶಹ, ಆಗ್ರಾದ ಗುಲ್ ಅಫ್ಶಾನ್ ತೋಟದಲ್ಲಿ ವರ್ಷಕ್ಕೆ ಸಾವಿರಾರು ಅನಾನಸ್ ಬಿಡುತ್ತವೆಂದು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಅವನಿಗೆ ಮಾಲಿಗಳಿದ್ದರು. ನನಗೆ ಶಿರಸಿಯ ಭಾವ ಇದ್ದಾನೆ. ಬನವಾಸಿ ಕಡೆಯ ಎಕರೆಗಟ್ಟಲೆ ಅನಾನಸ್ ನೋಡುತ್ತ ಬೆಳೆದವನು. ಗಿಡ ಕುಂಡ ತುಂಬಿದರೂ ಹೂವಿನ ಸುಳಿವೇ ಇಲ್ಲವೆಂದು ಫೋನಿನಲ್ಲಿ ಗೋಳು ಹೇಳಿಕೊಂಡರೆ, "ಪ್ರೀತಿ ಸಾಕು ಭಾವ, ಸ್ವಲ್ಪ ಹೊಗೆ ಹಾಕು" ಎಂದ. ನಮ್ಮ ಬೀದಿಯಲ್ಲಿ ಹೊಗೆ ಹಾಕಿಸಿಕೊಂಡವರು ಹೂ ಹೊದ್ದದ್ದುಂಟು, ಬಿಟ್ಟದ್ದು ಕಾಣೆ.

ಆದರೆ ಭಾವನ ಮಾತಿನಲ್ಲಿ ಸತ್ಯವಿತ್ತು. ಪೋರ್ಚುಗಲ್ಲಿನ ಅಸೋರ್ಸ್ ದ್ವೀಪಗಳಲ್ಲಿ 19ನೇ ಶತಮಾನದಿಂದಲೂ ಗಾಜಿನ ಮನೆಗಳೊಳಗೆ ಹೊಗೆ ತುಂಬಿ ಅನಾನಸಿಗೆ ಹೂ ಬರಿಸುತ್ತಾರೆ. ಹೊಗೆಯಲ್ಲಿರುವ ಎಥಿಲೀನ್ ಅನಿಲದ ಮಹಿಮೆ ಅದು. ನಮ್ಮ ರೈತರು ಅದೇ ಕೆಲಸಕ್ಕೆ ಎಥ್ರೆಲ್ ದ್ರಾವಣವನ್ನು ಸುಳಿಗೆ ಹೊಯ್ಯುತ್ತಾರೆ, ಅದೂ ಗಿಡಕ್ಕೆ 35-40 ಎಲೆ ಬಂದ ಮೇಲೆ. ತಾರಸಿಯವರಿಗೆ ಮಾಗಿದ ಸೇಬು ಸಾಕು. ಸೇಬನ್ನು ಬುಡದಲ್ಲಿಟ್ಟು ಗಿಡಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ ಕೆಲವು ದಿನ ನೆರಳಿನಲ್ಲಿ ಬಿಡಬೇಕು. ಸೇಬಿನ ಬೆಲೆಗೆ ಅನಾನಸ್ಸೇ ಬರುತ್ತಿತ್ತು ಎಂದು ಲೆಕ್ಕ ಹಾಕುವವರು ಈ ಹವ್ಯಾಸಕ್ಕೆ ಕೈ ಹಾಕಬಾರದು.

ಕೊನೆಗೂ ಸುಳಿ ಕೆಂಪಾಯಿತು, ನೇರಳೆ ಹೂಗಳು ಸುತ್ತ ಸುತ್ತ ಇಣುಕಿದವು. ನೂರಕ್ಕೂ ಹೆಚ್ಚು ಹೂಗಳು ಒಂದಕ್ಕೊಂದು ಬೆಸೆದು ಒಂದು ಹಣ್ಣಾಗುವ ಪವಾಡವನ್ನು ನೋಡಲು ನೆಂಟರು ಬಂದರು, ಫೋಟೊ ತೆಗೆದರು, ಯಾವಾಗ ಕೊಯ್ಯುತ್ತೀರಿ ಎಂದು ತಾರೀಖು ಕೇಳಿದರು. ಹಣ್ಣು ತೆಂಗಿನಕಾಯಿಯಷ್ಟೇ ಬಂತು. ತುಂಡರಿಸಿ ಹಂಚಿದರೆ ಜಗಳವಾದೀತೆಂದು ಅತ್ತೆ ಮೆಣಸ್ಕಾಯಿ ಮಾಡಿದರು. ಅದರಲ್ಲಿ ಇನ್ನೊಂದು ಲಾಭವೂ ಉಂಟು: ನಾಲಿಗೆ ಚುರುಗುಟ್ಟಿಸುವ ಬ್ರೊಮೆಲೈನ್ ಬೆಂದರೆ ಸೋಲುತ್ತದೆ.

ಒಮ್ಮೆ ಹಣ್ಣು ಕೊಟ್ಟ ಗಿಡ ಮತ್ತೆ ಕೊಡುವುದಿಲ್ಲ, ಬುಡದಲ್ಲಿ ಕಂದು ಬಿಡುತ್ತದೆ. ಕಂದಿನಿಂದ ಬೆಳೆಸಿದರೆ ಜುಟ್ಟಿಗಿಂತ ಬೇಗ ಹಣ್ಣು ಸಿಗುತ್ತದೆ. ನಮ್ಮಲ್ಲಿ ಬೇಕಾದಷ್ಟಿವೆ. ಬೇಕಾದವರು ಬನ್ನಿ, ದಪ್ಪ ಬಟ್ಟೆಯ ಚೀಲ ತನ್ನಿ, ಒಳ್ಳೆಯ ಪಂಚೆ ಉಟ್ಟು ಬರಬೇಡಿ.