ನಾಲ್ಕಕ್ಷರದ ಮನೆ

ಮನೆಯ ಸಾಲ ಬ್ಯಾಂಕಿನದು, ಪ್ಲಾನು ಇಂಜಿನಿಯರನದು. ಹೆಸರಾದರೂ ನನ್ನದಿರಲಿ ಎಂದು ಹಟ ಹಿಡಿದೆ. ಇವಳು 'ಶ್ರೀ ಲಕ್ಷ್ಮೀವೆಂಕಟೇಶ್ವರ ಕೃಪಾ' ಎಂದಳು. ನಾನು 'ಕಲರವ' ಎಂದೆ. ಗ್ರಾನೈಟಿನಲ್ಲಿ ಕೊರೆಯುವವನದು ಅಕ್ಷರಕ್ಕಿಷ್ಟು ಎಂದು ರೇಟು. ನನ್ನದು ನಾಲ್ಕೇ ಅಕ್ಷರ. ಅವಳು ಒಪ್ಪಿದ್ದು ಆ ಲೆಕ್ಕಕ್ಕೆ, ಕಾವ್ಯಕ್ಕಲ್ಲ.

ಮೊದಲು ಬಂದ ಕೊರಿಯರ್ ಹುಡುಗ, "ಕಲರ್ ರವ ಅಂದ್ರೆ ಏನ್ ಸಾರ್?" ಎಂದ. ಒಳಗಿನಿಂದ ಇವಳು, "ಕೇಸರಿಬಾತ್ ಕಣಪ್ಪಾ" ಎಂದಳು.

ಈ ಪದದ ಗೀಳು ನನಗೆ ಹತ್ತಿದ್ದು ಪತ್ರಿಕೆಗಳಿಂದ. ಬೇಸಿಗೆ ರಜೆ ಮುಗಿದು ಶಾಲೆ ತೆರೆದರೆ 'ಚಿಣ್ಣರ ಕಲರವ'. ನಲವತ್ತು ಮಕ್ಕಳ ಕೋಣೆಯಲ್ಲಿ ಐದು ನಿಮಿಷ ಕೂತವರಾರೂ ಆ ತಲೆಬರಹ ಕೊಡಲಾರರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೆ ಹಕ್ಕಿಗಳು ಬಂದರೆ 'ಕೊಕ್ಕರೆಗಳ ಕಲರವ'. ನಂಬಿ ಹೋಗಿ ಹುಣಸೆ ಮರದಡಿ ಅರ್ಧ ಗಂಟೆ ಕಿವಿಗೊಟ್ಟು ನಿಂತೆ. ಬೆಳೆದ ಬಣ್ಣದ ಕೊಕ್ಕರೆಗೆ ಹೇಳಿಕೊಳ್ಳುವಂಥ ಕಂಠವೇ ಇಲ್ಲ. ಏನಾದರೂ ಹೇಳಬೇಕಾದರೆ ಕೊಕ್ಕನ್ನು ಟಕಟಕ ಬಡಿಯುತ್ತದೆ, ಅಷ್ಟೆ. ರಚ್ಚೆ ಹಿಡಿಯುವುದೆಲ್ಲ ಮರಿಗಳು. ನನ್ನ ಪಾಲಿಗೆ ದಕ್ಕಿದ್ದು ಅಂಗಿಯ ಮೇಲೆ ಬಿದ್ದ ಬಿಳಿ ಪ್ರಸಾದ.

ಈಚೆಗೆ ನಮ್ಮ ಬಚ್ಚಲಮನೆಯ ಕಿಟಕಿಯ ಸಜ್ಜದ ಮೇಲೆ ಪಾರಿವಾಳದ ಜೋಡಿ ಸಂಸಾರ ಹೂಡಿತು. ನಾಲ್ಕು ಕಡ್ಡಿ, ನಮ್ಮದೇ ಪೊರಕೆಯ ಎರಡು ಎಳೆ. ಅದಕ್ಕೆ ಗೂಡೆಂದು ಹೆಸರು. ಬೆಳಗಿನ ಜಾವದಿಂದಲೇ ಗುಟುರ್ ಗುಟುರ್. "ಇದೇನಾ ನಿಮ್ಮ ಕಲರವ?" ಎಂದಳು ಇವಳು, ದಿಂಬಿನಡಿಯಿಂದ.

ಅಲ್ಲವೆಂದು ಸಾಧಿಸಲು ನಿಘಂಟು ತೆಗೆದೆ. 'ರವ' ಎಂದರೆ ಸದ್ದು. 'ಕಲ' ಎಂದರೆ ಇಂಪಾದದ್ದು, ಆದರೆ ಅಸ್ಪಷ್ಟವಾದದ್ದು. ಆ ಅಸ್ಪಷ್ಟತೆಯಲ್ಲೇ ಇದೆ ಸೊಗಸು: ಮಾತು ತಿಳಿಯಬಾರದು, ಕಿವಿ ಮಾತ್ರ ಅಲ್ಲಿಂದ ಏಳಬಾರದು. ತೊಟ್ಟಿಲ ಕೂಸು ತನ್ನಷ್ಟಕ್ಕೆ ಆಡಿಕೊಳ್ಳುವುದು, ಮದುವೆ ಮನೆಯ ನಡುರಾತ್ರಿ ಪಕ್ಕದ ಕೋಣೆಯಲ್ಲಿ ಅಕ್ಕತಂಗಿಯರ ಪಿಸುನಗು, ಇವು ಕಲರವ. ಅಡುಗೆಮನೆಯಿಂದ ನನ್ನ ಹೆಸರೆತ್ತಿ ಬರುವುದು ಅಲ್ಲ. ಅದು ತೀರಾ ಸ್ಪಷ್ಟ. (ಇಂಪೇ ಬೇಕಿದ್ದರೆ ಕನ್ನಡದ 'ಇಂಚರ' ಇತ್ತು. 'ಇನ್' ಎಂಬ ಸವಿಗೆ 'ಸರ' ಎಂಬ ಸ್ವರ ಸೇರಿ, ಸಕಾರ ಚಕಾರವಾದ ಪದ. ಒಂದಕ್ಷರದ ದುಡ್ಡೂ ಉಳಿಯುತ್ತಿತ್ತು.)

ಅಲ್ಲಿಗೇ ನಿಘಂಟು ಮುಚ್ಚಬೇಕಿತ್ತು. ಮುಂದಿನ ಅರ್ಥದ ಮೇಲೆ ಕಣ್ಣು ಬಿತ್ತು: ಪಾರಿವಾಳ. ಮುದ್ರಣದೋಷವಿರಬಹುದೆಂದು ಅಮರಕೋಶ ತೆಗೆದೆ. ಅಲ್ಲೂ ಪಾರಾವತ, ಕಪೋತಗಳ ನಡುವೆ ಕಲರವ ಆರಾಮಾಗಿ ಕೂತಿದೆ. ದುಡ್ಡು ಕೊಟ್ಟು ಗೇಟಿನ ಪಕ್ಕ ನಾನೇ 'ಪಾರಿವಾಳ' ಎಂದು ಕೆತ್ತಿಸಿದ್ದೇನೆ. ಪಾಪ, ಅವು ಬೋರ್ಡು ನೋಡಿಕೊಂಡೇ ಬಂದಿವೆ.

ಇವಳಿಗೆ ಹೇಳಲಿಲ್ಲ. ಬಲೆ ಹಾಕುವವನಿಗೆ ಫೋನು ಮಾಡಿದೆ. "ಮನೆ ಹೆಸರೇನ್ ಸಾರ್?" ಎಂದು ಕೇಳಿದ. ಸಜ್ಜದ ಮೇಲಿಂದ ಎರಡು ಕೆಂಪು ಕಣ್ಣು ನನ್ನನ್ನೇ ನೋಡುತ್ತಿದ್ದವು.

"ಹೆಸರು ಬಿಡಪ್ಪಾ," ಎಂದೆ, "ನೀರಿನ ಟ್ಯಾಂಕಿನ ಎದುರು ಮನೆ."